ಬೆಂಚಿನ ಕಡೆ ನೋಡಬೇಡಿ

ನನ್ನ ಅತ್ತೆ ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ಲಾಂಡ್ರಿಯಲ್ಲಿ ಬಿಸಿ ರೋಲರಿನ ಮೇಲ್ವಿಚಾರಕಿ. ಸಂಜೆ ಅದೇ ಲಾಂಡ್ರಿಯ ಹೆಂಗಸರ ವಾಲಿಬಾಲ್ ತಂಡಕ್ಕೆ ಕೋಚ್. ಅವರ ಕೋಚ್ ಕೆಲಸದ ಬಗ್ಗೆ ಹೇಳಬೇಕಾದರೆ ಮೊದಲು ರೋಲರಿನ ಬಗ್ಗೆ ಹೇಳಬೇಕು. ಇಲ್ಲದಿದ್ದರೆ ಆಮೇಲೆ ನಡೆದದ್ದು ಅರ್ಥವಾಗುವುದಿಲ್ಲ.

ಒಗೆದು ಹಿಂಡಿದ ಹಾಸಿಗೆಬಟ್ಟೆ ಇನ್ನೂ ಒದ್ದೆಯಾಗಿರುವಾಗಲೇ ಇಬ್ಬರು ಹೆಂಗಸರು ಅದರ ಎರಡು ತುದಿ ಹಿಡಿದು ರೋಲರಿನ ಬಾಯಿಗೆ ಕೊಡುತ್ತಾರೆ. ಬಟ್ಟೆ ಬಿಸಿ ಉರುಳೆಗಳ ನಡುವೆ ಹಾದು ಇನ್ನೊಂದು ಬದಿಯಲ್ಲಿ ಒಣಗಿ, ಇಸ್ತ್ರಿಯಾಗಿ ಹೊರಗೆ ಬರುತ್ತದೆ. ಅಲ್ಲಿ ಮತ್ತಿಬ್ಬರು ಹಿಡಿದು ಮಡಚುತ್ತಾರೆ. ಕೊಡುವವರಿಗೆ ಹೊರಗೆ ಬರುವ ಬಟ್ಟೆ ಕಾಣುವುದಿಲ್ಲ. ಒಗೆಯುವ ಯಂತ್ರಗಳ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ರೋಲರಿನ ಮೇಲಿಂದ ಆಚೆ ಬದಿಯಲ್ಲಿ ನಿಂತ ಅತ್ತೆಯ ಮುಖ ಮಾತ್ರ ಕಾಣುತ್ತದೆ. ಆ ಮುಖವೇ ಅಲ್ಲಿಯ ಭಾಷೆ. ತುಟಿ ಬಿಗಿದರೆ ನಿಧಾನ ಮಾಡಿ ಎಂದು. ಬಲಗಣ್ಣು ಕಿರಿದು ಮಾಡಿದರೆ ಬಟ್ಟೆ ಬಲಕ್ಕೆ ಎಳೆಯುತ್ತಿದೆ, ನೀವು ಎಡಕ್ಕೆ ಸರಿಯಿರಿ ಎಂದು. ಹುಬ್ಬು ಮೇಲೆ ಹೋದರೆ ನೆರಿಗೆ ಬಿದ್ದಿದೆ, ಕೈ ಬಿಡಿ ಎಂದು. ಮುಖದಲ್ಲಿ ಏನೂ ಇಲ್ಲದಿದ್ದರೆ ಎಲ್ಲ ಸರಿಯಾಗಿದೆ. ಹೊಸದಾಗಿ ಸೇರಿದವರಿಗೆ ಅತ್ತೆ ಇದನ್ನು ಕಲಿಸುವುದೂ ಇಲ್ಲ. ಕೆಲವು ವಾರ ಕಳೆಯುವುದರೊಳಗೆ ಅವರ ಕೈಗಳೇ ಕಲಿತುಬಿಡುತ್ತವೆ. ತಲೆಗೆ ಗೊತ್ತಾಗುವ ಮೊದಲೇ ಕಾಲು ಸರಿದಿರುತ್ತದೆ.

ವಾಲಿಬಾಲ್ ತಂಡ ಕಟ್ಟಿದಾಗ ಆಡಲು ಬಂದವರು ಹೆಚ್ಚಾಗಿ ರೋಲರಿನವರೇ, ನಾನೂ ಅವರಲ್ಲೊಬ್ಬಳು. ಲಾಂಡ್ರಿಯ ಹಿಂದೆ ಮುರಿದ ತೊಟ್ಟಿ, ತುಕ್ಕು ಹಿಡಿದ ಪೈಪು ಬಿಸಾಡಿದ್ದ ಜಾಗ ಇತ್ತು. ಅತ್ತೆ ಮ್ಯಾನೇಜರರನ್ನು ಕೇಳಿ, ಅವರು "ಮಾಡ್ಕೊಳ್ಳಿ, ನನಗೇನು" ಎಂದ ಮೇಲೆ, ನಮ್ಮನ್ನೆಲ್ಲ ಸೇರಿಸಿಕೊಂಡು ಅದನ್ನು ಹಸನು ಮಾಡಿದರು. ಗಾಜಿನ ಚೂರು ಆರಿಸುವುದಕ್ಕೇ ಬಹಳ ದಿನ ಹಿಡಿಯಿತು. ಹಳೆಯ ಬಟ್ಟೆ ಒಣಗಿಸುವ ಕಂಬಗಳಿಗೆ ನೆಟ್ ಕಟ್ಟಿದರು. ಕೆಲಸ ಮುಗಿಸಿ ಮನೆಗೆ ಹೋದರೆ ಮತ್ತೆ ಒಲೆ, ಪಾತ್ರೆ, ಮಕ್ಕಳು. ನಡುವೆ ಒಂದು ಗಂಟೆ ಯಾರಿಗೂ ಹೆಂಡತಿ, ತಾಯಿ, ಕೆಲಸದವಳು ಏನೂ ಆಗದೆ ಇರುವ ಜಾಗ ಅದೊಂದೇ ಎಂದು ತಂಡದವರೆಲ್ಲ ಹೇಳುತ್ತಿದ್ದರು. ಆ ಜಾಗ ಉಳಿಯುತ್ತದೆಯೋ ಇಲ್ಲವೋ ಎಂಬುದು ಮುಂದೆ ಬಂದ ಪ್ರಶ್ನೆ.

ಅತ್ತೆಯನ್ನು ಎಲ್ಲರೂ ಪೀಪಿ ಅಕ್ಕ ಎಂದು ಕರೆಯುವುದು ಮೊದಲ ವರ್ಷದ ಫಲ. ಆಗ ಅವರು ಪೀಪಿ ಊದಿದಷ್ಟು ಉಸಿರಾಡುತ್ತಿರಲಿಲ್ಲ. ಬೇರೆ ಬೇರೆ ಕಾರ್ಖಾನೆ, ಕಚೇರಿಗಳ ತಂಡಗಳು ಸೇರಿ ಆಡುವ ಪಂದ್ಯಗಳಲ್ಲಿ ನಮಗೆ ಜಾಗ ಸಿಕ್ಕಿತ್ತು. ಒಂದು ಪಾಯಿಂಟ್ ಹೋದರೆ ಅತ್ತೆ ಬೆಂಚಿನಿಂದ ಎದ್ದು ನಿಲ್ಲುತ್ತಿದ್ದರು. ಎರಡು ಹೋದರೆ ಗೆರೆಯ ಹತ್ತಿರ ಬಂದು ಬಾಯಿಗೆ ಬಂದದ್ದು ಅನ್ನುತ್ತಿದ್ದರು. ಒಮ್ಮೆ ಪೀಪಿಯನ್ನು ನೆಲಕ್ಕೆ ಬಡಿದರು, ಅದು ಪುಟಿದು ರೆಫರಿಯ ಕಾಲಿಗೆ ತಗುಲಿತು.

"ಕಣ್ಣೇನು ಮನೇಲಿ ಬಿಟ್ಟು ಬಂದಿದೀರೇನ್ರೇ! ಚೆಂಡು ನಿಮ್ಮ ಮುಂದೇನೇ ಬಿತ್ತು, ಸ್ವಾಗತ ಮಾಡೋ ಹಾಗೆ ನಿಂತಿದೀರಲ್ಲ!"

ತಂಡದಲ್ಲಿ ಜೋರಾಗಿ ಹೊಡೆಯುವವಳು ಉದ್ದಕ್ಕ. ಬಾಗಿಲಿನ ಚೌಕಟ್ಟಿಗೆ ತಲೆ ತಗುಲುವಷ್ಟು ಎತ್ತರ, ಮಾತು ಮಾತ್ರ ಬೆರಳೆಣಿಕೆ. ಅತ್ತೆ ಕೂಗಲು ಶುರುಮಾಡಿದರೆ ಉದ್ದಕ್ಕ ಹೊಡೆಯುವುದನ್ನೇ ನಿಲ್ಲಿಸುತ್ತಿದ್ದಳು. ಚೆಂಡನ್ನು ಬೆರಳ ತುದಿಯಿಂದ ಮೆಲ್ಲಗೆ ಆಚೆ ತಳ್ಳುತ್ತಿದ್ದಳು. ಹೊರಗೆ ಹೋಗುವುದಿಲ್ಲ, ಬೈಗುಳವೂ ಇಲ್ಲ. ಆದರೆ ಅಂಥ ಚೆಂಡನ್ನು ಎದುರಿನವರು ಆರಾಮವಾಗಿ ಹಿಡಿದು ನಮ್ಮ ಮೇಲೇ ಹೊಡೆಯುತ್ತಿದ್ದರು. ಆ ವರ್ಷ ನಾವು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಪಟ್ಟಿಯ ಕೊನೆಯ ತಂಡವನ್ನು ಮರುವರ್ಷ ಸೇರಿಸಿಕೊಳ್ಳುವುದಿಲ್ಲ; ಬೇರೊಂದು ತಂಡ ನಡುವೆಯೇ ಆಟ ಬಿಟ್ಟು ಹೋದದ್ದರಿಂದ ಉಳಿದೆವು.

ಸೋಲಿನ ಕಾರಣವನ್ನು ಅತ್ತೆಗೆ ಹೇಳಿದವರು ಮಾವ. ಅವರು ಲಾಂಡ್ರಿಯ ವ್ಯಾನ್ ಓಡಿಸುತ್ತಾರೆ, ಆಟದ ಗಂಧ ಗಾಳಿ ಇಲ್ಲ. ಪಂದ್ಯಕ್ಕೆ ನಮ್ಮನ್ನು ಕರೆದುಕೊಂಡು ಹೋಗಿ ವ್ಯಾನಿನಲ್ಲೇ ಕೂತು ನೋಡುತ್ತಿದ್ದರು. ಒಂದು ದಿನ ಊಟ ಮಾಡುತ್ತಾ ಹೇಳಿದರು.

"ನೀನು ಕೂಗಿದ ತಕ್ಷಣ ಅವರು ಆರೂ ಜನ ನಿನ್ನ ಕಡೆ ತಿರುಗ್ತಾರೆ ಕಣೇ. ಚೆಂಡು ಪಾಪ, ಒಂಟಿಯಾಗಿ ಬರತ್ತೆ."

"ನಿಮಗೇನ್ರೀ ಗೊತ್ತು ವಾಲಿಬಾಲು?"

"ವಾಲಿಬಾಲು ಗೊತ್ತಿಲ್ಲ. ಪಕ್ಕದ ಸೀಟಲ್ಲಿ ಕೂತು ಕೂಗೋರಿದ್ರೆ ಗಾಡಿ ಹೆಂಗೆ ಓಡತ್ತೆ ಅಂತ ಗೊತ್ತು."

ಎರಡನೆಯ ವರ್ಷ ಅತ್ತೆ ಬೆಂಚಿನಿಂದ ಏಳಲಿಲ್ಲ. ಪೀಪಿಯನ್ನು ಅಭ್ಯಾಸಕ್ಕೆ ಮಾತ್ರ ಇಟ್ಟುಕೊಂಡರು. ಪಾಯಿಂಟ್ ಹೋದರೂ ಬಂದರೂ ಮುಖ ಒಗೆದ ಬಟ್ಟೆಯ ಹಾಗೆ. ನಾವು ಅಭ್ಯಾಸಬಲದಿಂದ ಅವರ ಕಡೆ ನೋಡುತ್ತಿದ್ದೆವು. ಮುಖದಲ್ಲಿ ಏನೂ ಇರುತ್ತಿರಲಿಲ್ಲ, ಅಂದರೆ ಎಲ್ಲ ಸರಿಯಾಗಿದೆ. ನಮ್ಮ ಆಟ ಬೇರೆಯೇ ಆಯಿತು. ಉದ್ದಕ್ಕ ಹೊಡೆಯಲು ಶುರುಮಾಡಿದಳು. ಕೆಲವು ಹೊರಗೆ ಹೋದವು, ಆದರೂ ಹೊಡೆದಳು. ಆ ವರ್ಷ ತಂಡಗಳ ಪಟ್ಟಿಯಲ್ಲಿ ನಡುವಿಗೆ ಬಂದೆವು. ಕೋಚ್ ಸುಮ್ಮನಿದ್ದರೆ ತಂಡಕ್ಕೆ ಧೈರ್ಯ ಬರುತ್ತದೆ ಎಂದು ಅತ್ತೆ ತೀರ್ಮಾನ ಮಾಡಿಕೊಂಡರು. ನಾವೂ ಹಾಗೇ ಅಂದುಕೊಂಡೆವು. ಅದು ಅರ್ಧ ಮಾತ್ರ ನಿಜ ಎಂದು ಗೊತ್ತಾದದ್ದು ಮೂರನೆಯ ವರ್ಷ.

ಮೂರನೆಯ ವರ್ಷ ಇಬ್ಬರು ಒಳ್ಳೆಯ ಆಟಗಾರರು ಕೆಲಸ ಬಿಟ್ಟು ಹೋದರು. ಕೆಲವು ಪಂದ್ಯ ಸೋತೆವು. ಕೊನೆಗೆ ಎರಡು ಪಂದ್ಯ ಉಳಿದಿದ್ದವು, ಪಟ್ಟಿಯ ಕೊನೆಗೆ ಬೀಳದಿರಲು ಒಂದನ್ನು ಗೆದ್ದರೂ ಸಾಕಿತ್ತು. ಮೊದಲನೆಯದು ಬ್ರೆಡ್ ಕಾರ್ಖಾನೆಯವರ ಮೇಲೆ. ಅವರನ್ನು ಸೋಲಿಸುವುದು ಕಷ್ಟವೇನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮೊದಲ ಸೆಟ್ಟಿನ ಶುರುವಿನಲ್ಲಿ ನಾವೇ ಮುಂದಿದ್ದೆವು. ಆಮೇಲೆ ಒಂದು ಪಾಯಿಂಟ್ ಹೋಯಿತು. ಅತ್ತೆಯ ಕಡೆ ನೋಡಿದೆವು. ಅವರ ಬಲಗಣ್ಣು ಕಿರಿದಾಗಿತ್ತು. ಇನ್ನೊಂದು ಪಾಯಿಂಟ್ ಹೋಯಿತು. ಈಗ ಬಲಗಣ್ಣು ಪೂರ್ತಿ ಮುಚ್ಚಿತ್ತು, ತುಟಿ ಬಿಗಿದಿತ್ತು, ಹುಬ್ಬು ಹಣೆಯ ಅರ್ಧಕ್ಕೆ ಹೋಗಿತ್ತು. ಎರಡು ವರ್ಷದಿಂದ ಬೆಂಚಿನ ಮೇಲೆ ಅಂಥ ಮುಖ ನಾವು ನೋಡಿರಲಿಲ್ಲ. ಅಲ್ಲಿಂದ ಮುಂದೆ ಏನಾಯಿತೆಂದು ನಮಗೆ ಆಗ ಗೊತ್ತಾಗಲಿಲ್ಲ. ವ್ಯಾನಿನಲ್ಲಿ ಕೂತಿದ್ದ ಮಾವ ಆಮೇಲೆ ಹೇಳಿದರು: ಹಿಂದಿನ ಸಾಲಿನವರು ಮೂವರೂ ಒಬ್ಬರ ಹಿಂದೆ ಒಬ್ಬರು ಎಡಕ್ಕೆ ಸರಿಯುತ್ತಾ ಹೋದರಂತೆ. ನಾನೂ ಸೇರಿ. ನಮ್ಮ ಬದಿಯ ಬಲಭಾಗ ಖಾಲಿ. ಬ್ರೆಡ್ ಕಾರ್ಖಾನೆಯವರು ಚೆಂಡುಗಳನ್ನೆಲ್ಲ ಅಲ್ಲಿಗೇ ಹಾಕಿದರು. ಮುಂದೆ ಉದ್ದಕ್ಕ ಮತ್ತೆ ಬೆರಳ ತುದಿಯಿಂದ ತಳ್ಳಲು ಶುರುಮಾಡಿದ್ದಳು. ಎರಡೂ ಸೆಟ್ ಹೋದವು.

ಆಟ ಮುಗಿದ ಮೇಲೆ ಅತ್ತೆ ಕೆನ್ನೆಗೆ ಕೈ ಹಿಡಿದು ಬಂದರು. ಚೆಂಡು ಎತ್ತಿಕೊಡುವ ನಮ್ಮ ಮಾತಿನಮಲ್ಲಿ ಅಳುವುದೊಂದು ಬಾಕಿ.

"ಅಕ್ಕ, ಬೈದುಬಿಡಿ. ಆ ಮುಖ ಮಾತ್ರ ಮಾಡಬೇಡಿ. ನಿಮ್ಮ ಮುಖ ನೋಡಿ ನನಗೆ ಕೈಕಾಲೇ ಬಿದ್ದುಹೋಯ್ತು."

"ಯಾವ ಮುಖ?"

"ಅದೇ, ಕಣ್ಣು ಮುಚ್ಚಿ, ಹುಬ್ಬೇರಿಸಿ. ನಾವು ಅಷ್ಟು ಕೆಟ್ಟದಾಗಿ ಆಡಿದ್ವಾ?"

"ಹಲ್ಲು ನೋವು ಕಣ್ರೇ," ಎಂದರು ಅತ್ತೆ. "ದವಡೆ ಹಲ್ಲು. ಬೆಳಿಗ್ಗೆಯಿಂದ ಪ್ರಾಣ ಹಿಂಡ್ತಿದೆ. ಹೇಳಿದ್ರೆ ನೀವು ಗಾಬರಿ ಆಗ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ."

ಮೊದಲು ನಕ್ಕವಳು ಉದ್ದಕ್ಕ. ಆಮೇಲೆ ಎಲ್ಲರೂ ನಕ್ಕರು, ಅತ್ತೆಯೂ ನಗಲು ಹೋಗಿ "ಅಯ್ಯೋ" ಎಂದು ಕೆನ್ನೆ ಹಿಡಿದುಕೊಂಡರು. ವ್ಯಾನು ಅರ್ಧ ದಾರಿ ಬರುವ ಹೊತ್ತಿಗೆ ನಗು ನಿಂತಿತ್ತು. ನಾವೀಗ ಪಟ್ಟಿಯ ಕೊನೆಯಲ್ಲಿದ್ದೆವು. ಕೊನೆಯ ತಂಡವನ್ನು ಮುಂದಿನ ವರ್ಷ ಆಡಿಸುವುದಿಲ್ಲ.

ಮರುದಿನ ಮ್ಯಾನೇಜರ್ ರೋಲರಿನ ಹತ್ತಿರ ಬಂದರು. ಅವರು ಕೆಟ್ಟವರಲ್ಲ. ಮಳೆ ಬಂದರೆ ಬಟ್ಟೆ ಇಡಲು ಜಾಗ ಸಾಲದೆ ಅವರು ಮೇಲಿನವರಿಂದ ಬೈಸಿಕೊಳ್ಳುತ್ತಿದ್ದದ್ದು ನಿಜ. ಯಂತ್ರ ನಿಲ್ಲಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನೋಡಮ್ಮ, ತಂಡ ಇದ್ರೆ ಅಂಗಳ ಇರಲಿ. ಆಡೋಕೇ ಅವಕಾಶ ಇಲ್ಲ ಅಂದಮೇಲೆ ಖಾಲಿ ಜಾಗ ಯಾಕೆ? ಹಿಂದೆ ಶೆಡ್ ಹಾಕಿಸ್ತೀನಿ. ಉಳಿದಿರೋ ಪಂದ್ಯ ಗೆದ್ರೆ ಶೆಡ್ಡಿನ ಮಾತು ಎತ್ತಲ್ಲ. ನಾನು ಮಾತಿಗೆ ತಪ್ಪೋನಲ್ಲ."

"ಗೆಲ್ತೀವಿ ಸಾರ್," ಎಂದಳು ಮಾತಿನಮಲ್ಲಿ.

"ಗೆಲ್ಲಿ. ಬ್ರೆಡ್ಡಿನವರಿಗೆ ಸೋತೋರು ಬಸ್ ಡಿಪೋದವರನ್ನ ಗೆಲ್ತೀರೇನೋ, ನೋಡೋಣ."

ಅತ್ತೆ ಹಲ್ಲು ಕೀಳಿಸಿಕೊಂಡು ಬಂದರು. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅಂಗಳಕ್ಕೆ ಬಂದು, ಬಟ್ಟೆ ತುಂಬುವ ಒಂದು ಬುಟ್ಟಿಯನ್ನು ಬೋರಲು ಹಾಕಿ, ನಮಗೆ ಬೆನ್ನು ಮಾಡಿ ಕೂತರು.

"ಆಡಿ," ಎಂದರು ಗೋಡೆಗೆ.

ನಾವು ಆಡಿದೆವು. ಪಾಯಿಂಟ್ ಹೋದಾಗಲೆಲ್ಲ ತಲೆ ತಾನಾಗಿ ಆ ಕಡೆ ತಿರುಗುತ್ತಿತ್ತು. ಅಲ್ಲಿ ಅತ್ತೆಯ ಜಡೆ ಮಾತ್ರ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಒಂದು ಚೆಂಡು ಮಾತಿನಮಲ್ಲಿಯ ಮೂಗಿಗೆ ಬಿತ್ತು. ರೋಲರಿನ ಆಚೆ ಬದಿಯಲ್ಲಿ ಯಾರೂ ಇಲ್ಲದಾಗ ಬಟ್ಟೆ ಕೊಟ್ಟ ಹಾಗಾಗಿತ್ತು ನಮ್ಮ ಸ್ಥಿತಿ.

ಅತ್ತೆ ಕೂತಲ್ಲಿಂದಲೇ ಹೇಳಿದರು. "ತಪ್ಪು ನಂದೇ. ಮೊದಲನೇ ವರ್ಷ ಕೂಗಿ ನಿಮ್ಮನ್ನ ನನ್ನ ಕಡೆ ತಿರುಗಿಸಿದೆ. ಎರಡನೇ ವರ್ಷ ಸುಮ್ಮನಿದ್ದು ತಿರುಗಿಸಿದೆ. ಎರಡೂ ಒಂದೇ ಆಯ್ತು. ರೋಲರಲ್ಲಿ ಬಟ್ಟೆ ನನಗೆ ಕಾಣತ್ತೆ, ನಿಮಗೆ ಕಾಣಲ್ಲ, ಅದಕ್ಕೆ ನನ್ನ ನೋಡಬೇಕು. ಇಲ್ಲಿ ಚೆಂಡು ನಿಮಗೇ ಕಾಣತ್ತಲ್ಲ! ನನ್ನ ಮುಖದಲ್ಲಿ ಏನು ಹುಡುಕ್ತೀರಿ?"

"ಸಮಾಧಾನ," ಎಂದಳು ಉದ್ದಕ್ಕ. ಅವಳು ತಾನಾಗಿ ಮಾತಾಡಿದ್ದೇ ಎಲ್ಲರಿಗೂ ಆಶ್ಚರ್ಯವಾಯಿತು.

ಅತ್ತೆ ಬುಟ್ಟಿಯ ಮೇಲೇ ಅರ್ಧ ತಿರುಗಿದರು. "ನನ್ನ ಹತ್ರ ಯಾವಾಗಲೂ ಇರಲ್ಲಮ್ಮ ಅದು," ಎಂದರು.

ಆ ದಿನ ಅವರು ಒಂದು ಪದ್ಧತಿ ಮಾಡಿದರು. ಪಾಯಿಂಟ್ ಹೋದರೆ, ಯಾರ ಕೈಯಿಂದ ಹೋಯಿತೋ ಅವರು ಮುಂದಿನ ಚೆಂಡಿಗೆ ತಾನು ಏನು ಮಾಡುತ್ತೇನೆಂದು ಜೋರಾಗಿ ಹೇಳಬೇಕು. ಉಳಿದವರು ಬೆಂಚಿನ ಕಡೆ ಅಲ್ಲ, ಹೇಳುವವರ ಕಡೆ ನೋಡಬೇಕು. ಹೋದ ಚೆಂಡಿನ ಬಗ್ಗೆ ಒಂದು ಮಾತೂ ಆಡಬಾರದು, ಕ್ಷಮೆಯನ್ನೂ ಕೇಳಬಾರದು. ಕೇಳಲು ಸುಲಭ. ಮಾತಿನಮಲ್ಲಿಗೆ ನಿಲ್ಲಿಸುವುದೇ ಕಷ್ಟವಾಯಿತು.

"ನಾನು ಈಗ ಸ್ವಲ್ಪ ಹಿಂದೆ ನಿಂತು, ಯಾಕಂದ್ರೆ ಆಗ ಮುಂದೆ ಬಂದಿದ್ದೆ, ಅದು ಯಾಕಾಯ್ತು ಅಂದ್ರೆ..."

"ಪುರಾಣ ಬೇಡ ಕಣೇ!" ಎಂದು ಅತ್ತೆ ಗೋಡೆಗೆ ಕೂಗಿದರು. "ಅಷ್ಟರಲ್ಲಿ ಅವರು ಇನ್ನೊಂದು ಸರ್ವ್ ಮಾಡಿ ಮನೆಗೆ ಹೋಗಿರ್ತಾರೆ."

ಉದ್ದಕ್ಕನಿಗೆ ಬಾಯಿ ತೆರೆಯುವುದೇ ಕಷ್ಟ. ತುಟಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅತ್ತೆ ಅವಳನ್ನು ಅವಸರಪಡಿಸಲಿಲ್ಲ. "ನಾವು ಕಾಯ್ತೀವಿ," ಎನ್ನುತ್ತಿದ್ದರು. ನಿಜವಾಗಿಯೂ ಕಾಯುತ್ತಿದ್ದರು, ಚೆಂಡು ಕೈಯಲ್ಲಿಟ್ಟುಕೊಂಡು ನಾವೂ ಕಾಯುತ್ತಿದ್ದೆವು. ಪಂದ್ಯದ ಹಿಂದಿನ ದಿನದವರೆಗೂ ಅವಳ ದನಿ ಪಕ್ಕದವರಿಗಷ್ಟೇ ಕೇಳುತ್ತಿತ್ತು.

ಪಂದ್ಯದ ದಿನ ಬೆಳಿಗ್ಗೆ ಅತ್ತೆ ಕೆಲಸಕ್ಕೆ ಬರುವಾಗ ಅಂಗಳದಲ್ಲಿ ಒಂದು ಲಾರಿ ನಿಂತಿತ್ತು. ಶೆಡ್ಡಿನ ಕಬ್ಬಿಣದ ಕಂಬಗಳನ್ನು ನೆಟ್ ಕೆಳಗೆ ಅಡ್ಡಡ್ಡ ಇಳಿಸುತ್ತಿದ್ದರು. ಅತ್ತೆ ಸೀದಾ ಮ್ಯಾನೇಜರರ ಕೋಣೆಗೆ ಹೋದರು. ಬೇಗ ತರಿಸಿದರೆ ಸಾಗಣೆ ಅಗ್ಗ, ಗೆದ್ದರೆ ಬೇರೆ ಕಡೆ ಹಾಕಿಸೋಣ ಎಂದರಂತೆ ಅವರು. ನಾವು ಗೆಲ್ಲುತ್ತೇವೆಂದು ಅವರು ನಂಬಿಲ್ಲ ಎಂಬುದು ಆ ಮಾತಲ್ಲೇ ಇತ್ತು.

ಉಳಿದವರಿಗೆ ಆ ದಿನ ಬೆಳಗಿನ ಪಾಳಿ ಇರಲಿಲ್ಲ; ಮನೆಯಿಂದ ನೇರವಾಗಿ ಪಂದ್ಯದ ಮೈದಾನಕ್ಕೆ ಬರುವವರು, ಅವರಿಗೆ ಇದು ಗೊತ್ತಿರಲಿಲ್ಲ. ವ್ಯಾನಿನಲ್ಲಿ ಅತ್ತೆ, ಮಾವ, ನಾನು ಮೂವರೇ ಇದ್ದೆವು.

"ಆಟ ಮುಗಿಯೋವರೆಗೂ ಹೇಳಬೇಡ," ಎಂದರು ಮಾವ. "ಕೇಳಿದ್ರೆ ಅವರ ಕೈ ಸೋತುಹೋಗತ್ತೆ."

ಅತ್ತೆ ಕಿಟಕಿಯ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. "ಹೇಳದೆ ಇದ್ರೂ ಈ ಮೂತಿ ಹೇಳಿಬಿಡತ್ತಲ್ಲರೀ. ಆಗ ಅವರು ಏನೇನೋ ಅಂದ್ಕೊಳ್ತಾರೆ. ಅದಕ್ಕಿಂತ ಕಂಬಾನೇ ವಾಸಿ."

ಮೈದಾನದಲ್ಲಿ ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಹೇಳಿದರು. ಬಟ್ಟೆ ಎಷ್ಟು ಬಂದಿದೆ ಎಂದು ಬೆಳಿಗ್ಗೆ ಹೇಳುವ ದನಿಯಲ್ಲೇ ಹೇಳಿದರು.

"ಅಂಗಳದಲ್ಲಿ ಶೆಡ್ಡಿನ ಕಂಬ ತಂದು ಹಾಕಿದಾರೆ. ಗೆದ್ರೆ ತೆಗೀತಾರೆ, ಸೋತ್ರೆ ನೆಡ್ತಾರೆ. ನನಗೆ ಹೊಟ್ಟೆ ಉರೀತಿದೆ. ಭಯಾನೂ ಆಗ್ತಿದೆ. ಇವತ್ತು ನನ್ನ ಮುಖ ಚೆನ್ನಾಗಿರಲ್ಲ, ಅದನ್ನ ಸರಿಮಾಡೋಕೂ ಹೋಗಲ್ಲ. ಅದು ಕಂಬದ ಮೇಲಿನ ಸಿಟ್ಟು. ನಿಮ್ಮ ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಗೊತ್ತಾಯ್ತಾ?"

ಯಾರೋ ಮೆಲ್ಲಗೆ ಮ್ಯಾನೇಜರರಿಗೆ ಬೈದರು. ಮಾತಿನಮಲ್ಲಿ ಕೇಳಿದಳು: "ಹಲ್ಲು ಹೆಂಗಿದೆ ಅಕ್ಕ?"

"ಹಲ್ಲೇ ಇಲ್ಲ ಕಣೇ. ನಡಿ ಆಡು."

ಬಸ್ ಡಿಪೋದವರು ಗಟ್ಟಿ ಆಟಗಾರರು. ಮೊದಲ ಸೆಟ್ ಅವರದಾಯಿತು. ನಾವು ಗಾಬರಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಪ್ರತಿ ಪಾಯಿಂಟ್ ಹೋದಾಗಲೂ ಯಾರೋ ಒಬ್ಬರು ಏನೋ ಹೇಳುತ್ತಿದ್ದರು. "ಮುಂದಿನದು ನಾನು ಎತ್ತಿ ಹಿಡೀತೀನಿ." "ಮುಂದಿನದಕ್ಕೆ ನಾನು ಗೆರೆ ಹತ್ರ ನಿಲ್ತೀನಿ." ಹೇಳಿದಂತೆಯೇ ಎಲ್ಲವೂ ಆಗಲಿಲ್ಲ. ಆದರೆ ಹೇಳುವಾಗ ಆರು ಜನರೂ ಒಂದೇ ಕಡೆ ನೋಡುತ್ತಿದ್ದೆವು. ಎರಡನೆಯ ಸೆಟ್ ಕಷ್ಟಪಟ್ಟು ನಮ್ಮದಾಯಿತು.

ಮೂರನೆಯ ಸೆಟ್ಟಿನ ಕೊನೆಯಲ್ಲಿ ಎರಡೂ ತಂಡ ಸಮ. ಆಗ ಉದ್ದಕ್ಕ ಹೊಡೆದ ಚೆಂಡು ಹೊರಗೆ ಹೋಯಿತು. ಅದರ ಹಿಂದೆಯೇ ಇನ್ನೊಂದು ನೆಟ್ಟಿಗೆ ಬಿತ್ತು. ಅವಳು ಬೆಂಚಿನ ಕಡೆ ತಿರುಗಿದಳು. ಅವಳ ಜೊತೆ ನಾವೆಲ್ಲರೂ ತಿರುಗಿಬಿಟ್ಟೆವು. ಅತ್ತೆ ಎರಡೂ ಕೈಯಿಂದ ಬೆಂಚು ಹಿಡಿದು ಕೂತಿದ್ದರು. ಹುಬ್ಬು ಗಂಟಾಗಿತ್ತು, ತುಟಿ ಬಿಳಿಚಿತ್ತು. ನಾನು ನೋಡಿದ ಅವರ ಮುಖಗಳಲ್ಲೆಲ್ಲ ಅದೇ ಅತಿ ಕೆಟ್ಟದ್ದು. ಅವರು ಅದನ್ನು ಮುಚ್ಚಿಕೊಳ್ಳಲು ಹೋಗಲಿಲ್ಲ.

ಉದ್ದಕ್ಕ ಸ್ವಲ್ಪ ಹೊತ್ತು ಆ ಮುಖ ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿ, ಮೈದಾನದ ಆಚೆಗೂ ಕೇಳುವ ಹಾಗೆ ಹೇಳಿದಳು:

"ಅಕ್ಕ ಕಂಬ ಎಣಿಸ್ತಿದಾರೆ. ಎಣಿಸ್ಲಿ. ಮುಂದಿನದು ನನಗೇ ಎತ್ತಿಕೊಡು, ಮತ್ತೆ ಹೊಡೀತೀನಿ."

ಮಾತಿನಮಲ್ಲಿಗೆ ನಗು ತಡೆಯಲಾಗಲಿಲ್ಲ. ಡಿಪೋದವರು ಇವರಿಗೇನಾಯಿತೆಂದು ನೋಡುತ್ತಿದ್ದರು. ಮುಂದಿನ ಚೆಂಡನ್ನು ಹಿಂದಿನ ಸಾಲಿನವರು ಹೇಗೋ ಮೇಲೆತ್ತಿದೆವು, ಮಾತಿನಮಲ್ಲಿ ನಗುತ್ತಲೇ ಎತ್ತಿಕೊಟ್ಟಳು, ಉದ್ದಕ್ಕ ಹೊಡೆದಳು. ಅದು ಎದುರಿನವರ ಕೈಗೆ ತಗುಲಿ ಆಚೆ ಬಿತ್ತು. ಅದರ ಮುಂದಿನ ಎರಡನ್ನೂ ಅವಳಿಗೇ ಕೊಟ್ಟಳು, ಎರಡೂ ಬಂದವು. ಕೊನೆಯ ಪಾಯಿಂಟ್ ಮಾತ್ರ ನಾವು ಹೊಡೆದು ಬಂದದ್ದಲ್ಲ. ಡಿಪೋದವರು ಹೊಡೆದದ್ದು ಹೊರಗೆ ಹೋಯಿತು. ಗೆದ್ದೆವೆಂದು ತಿಳಿಯಲು ನಮಗೆ ಒಂದು ಕ್ಷಣ ಹಿಡಿಯಿತು.

ಅತ್ತೆ ಕುಣಿಯಲಿಲ್ಲ. ಬೆಂಚಿನಿಂದ ಎದ್ದವರು ಮತ್ತೆ ಕೂತರು. ಉದ್ದಕ್ಕ ಹತ್ತಿರ ಹೋದಾಗ, "ನಾನು ಕಂಬ ಎಣಿಸ್ತಿರಲಿಲ್ಲ ಕಣೇ," ಎಂದರು. "ನೀನು ತಳ್ಳಿಬಿಡ್ತೀಯೇನೋ ಅಂತ ಹೆದರಿದ್ದೆ."

"ನನಗೂ ಹಂಗೇ ಅನ್ಸಿತ್ತು ಅಕ್ಕ," ಎಂದಳು ಉದ್ದಕ್ಕ.

ಸಂಜೆ ಎಲ್ಲರೂ ವ್ಯಾನಿನಲ್ಲಿ ಲಾಂಡ್ರಿಗೇ ಬಂದೆವು. ಕಂಬಗಳು ನೆಟ್ ಕೆಳಗೆ ಬಿದ್ದಿದ್ದವು. ಮ್ಯಾನೇಜರ್ ಹೊರಗೆ ಬಂದು ಗೆದ್ದರೇ ಎಂದು ಮಾವನನ್ನು ಕೇಳಿದರು, ಮಾವ ಹೌದೆಂದು ತಲೆಯಾಡಿಸಿದರು. ಮ್ಯಾನೇಜರ್ ಕಂಬಗಳನ್ನೂ ನಮ್ಮನ್ನೂ ನೋಡಿ, "ಸರಿ, ಮಾತು ಮಾತೇ," ಎಂದರು. "ಬಾಯ್ಲರಿನ ಪಕ್ಕ ಹಾಕಿಸೋಣ, ಸ್ವಲ್ಪ ಇಕ್ಕಟ್ಟಾಗತ್ತೆ. ನಾಳೆ ಆಳುಗಳಿಗೆ ಹೇಳಿ ತೆಗೆಸ್ತೀನಿ."

"ನಾಳೆ ಅಭ್ಯಾಸ ಇದೆ ಸಾರ್," ಎಂದರು ಅತ್ತೆ.

ಅವರೇ ಒಂದು ಕಂಬದ ತುದಿಗೆ ಕೈ ಹಾಕಿದರು. ಇನ್ನೊಂದು ತುದಿಗೆ ಉದ್ದಕ್ಕ ಹೋದಳು. ನಡುವೆ ನಾವು ಹಿಡಿದೆವು. ಮಾತಿನಮಲ್ಲಿ ಮುಂದೆ ನಡೆಯುತ್ತಾ ಎಡಕ್ಕೆ, ಬಲಕ್ಕೆ, ಮೆಟ್ಟಿಲಿದೆ ಎಂದು ಬಿಡುವಿಲ್ಲದೆ ಹೇಳುತ್ತಿದ್ದಳು. ಆ ದಿನ ಅವಳಿಗೆ ಸುಮ್ಮನಿರು ಎಂದು ಯಾರೂ ಹೇಳಲಿಲ್ಲ. ಕತ್ತಲಾಗುವ ಮುಂಚೆ ಅಂಗಳ ಖಾಲಿಯಾಯಿತು. ಕಂಬಗಳು ಗೀರಿದ ಕಡೆ ಆಟದ ಗೆರೆಗಳು ಅಳಿಸಿಹೋಗಿದ್ದವು. ಅತ್ತೆ ಸುಣ್ಣದ ಡಬ್ಬ ತರಲು ಒಳಗೆ ಹೋದರು.